ಹನ್ನೆರಡರ ತನಕ

ಸರ್ ಆಂಬ್ರೋಸ್ ಟೆಲ್ಫರ್ ಸತ್ತದ್ದು ಬಾಂಬಿಗಲ್ಲ,
ಎದೆಯಲ್ಲಿ ಕಫ ಕಟ್ಟಿ, ಸ್ವಂತ ಹಾಸಿಗೆಯಲ್ಲಿ;
ಆ ಚಳಿಗಾಲ ಗಾರ್ಸ್‌ಬಿ ಬಂದರಿನಲ್ಲಿ
ಅದೊಂದು ಐಷಾರಾಮ.

ಹೀಗೆ ತೆರವಾಯಿತು ಪಾರ್ಲಿಮೆಂಟಿನಲ್ಲೊಂದು ಜಾಗ.
ಪುರಭವನದ ಗುಮಾಸ್ತ ನೌಕಾಪಡೆಗೆ ಹೋಗಿದ್ದ.
ಅವನ ಮೇಜು, ಅವನ ಮಸಿದೌತಿ,
ಅವನ ಉಬ್ಬಸದ ಟೈಪ್‌ರೈಟರು ನನ್ನ ಪಾಲಿಗೆ.
ನಾಮಪತ್ರ: ಬೆಳಿಗ್ಗೆ ಹತ್ತರಿಂದ ಹನ್ನೆರಡು
ಎಂದು ನಾನೇ ಕುಟ್ಟಿ, ನಾನೇ ಬಾಗಿಲಿಗೆ ಹಚ್ಚಿದೆ.
ಹಿಟ್ಟಿನ ಗೋಂದು ದುಂದು ಎಂದು ಆಜ್ಞೆ,
ಹಾಗಾಗಿ ನಾಲ್ಕು ಮೊಳೆ.

ಮತದಾರರ ಪಟ್ಟಿ ಮೂವತ್ತೊಂಬತ್ತರದು,
ಸದ್ಯಕ್ಕೆ ತಿದ್ದುವಂತಿಲ್ಲ.
ಅದರಲ್ಲಿ ಬೀಲ್ಬಿ ಅಣ್ಣತಮ್ಮಂದಿರು ಮೂವರೂ ಇದ್ದಾರೆ,
ಮೀನಿನ ದೋಣಿಯಲ್ಲಿ ಕಡಲ ಸಿಡಿಗುಂಡು ಹುಡುಕಲು ಹೋಗಿ
ಅದೇ ಅವರನ್ನು ಹುಡುಕಿಕೊಂಡ ಮೇಲೂ.
ಅದರಲ್ಲಿ ಕಡಲಗೋಡೆ ಬೀದಿ ಇದೆ, ಇಪ್ಪತ್ತೆರಡು ಮನೆ.
ಊರಲ್ಲಿ ಆ ಬೀದಿಯಿಲ್ಲ.
ಹೋದ ನವೆಂಬರಿಗೆ ಇಪ್ಪತ್ತೊಂದು ತುಂಬಿದ
ಲವೀನಿಯಾ ಸ್ಕಾರ್ಥ್ ಎಂಬ ನಾನು
ಊರಲ್ಲಿದ್ದೇನೆ, ಅದರಲ್ಲಿಲ್ಲ.

ಹತ್ತೂಕಾಲಿಗೆ ಮೇಜರ್ ರ‍್ಯಾಗ್ ಬಂದರು,
ರಾತ್ರಿಯಿಡೀ ದೀಪವಿಲ್ಲದ ರೈಲಿನಲ್ಲಿ ಕೂತು.
“ಇದು ಗಾರ್ಸ್‌ಬಿ ತಾನೆ?” ಎಂದರು.
ಶತ್ರುವಿಗೆ ದಾರಿ ಸಿಗದಿರಲೆಂದು
ನಿಲ್ದಾಣದ ಹೆಸರು ಅಳಿಸಿದ್ದೆವು;
ನಮ್ಮ ಪ್ರತಿನಿಧಿಗೂ ಸಿಕ್ಕಿರಲಿಲ್ಲ.
ಹತ್ತು ಸಹಿ, ನೂರೈವತ್ತು ಪೌಂಡು ಠೇವಣಿ.
ಹತ್ತನೆಯವನು ಮೀನು ಮಾರುವವನು,
ಅವನ ಹೆಸರಿನ ಬಾಲಕ್ಕೆ ಹ್ಯಾಡಕ್ ಮೀನಿನ ಪೊರೆಯೊಂದು
ಅಂಟಿ ಮಿನುಗುತ್ತಿತ್ತು. ನಾನು ತೆಗೆಯಲಿಲ್ಲ.

ಆಮೇಲೆ ಕಾಯುವುದು.
ಮೇಯರ್ ತಮ್ಮ ಉಗುರು ನೋಡಿಕೊಂಡರು,
ಮೇಜರ್ ಗೋಡೆಯ ತಿಮಿಂಗಿಲವನ್ನು.
ಒಲೆಗೆ ಎಣಿಸಿ ಕೊಟ್ಟ ಆರು ಕಲ್ಲಿದ್ದಲಲ್ಲಿ ನಾಲ್ಕು ಮುಗಿದಿದ್ದವು.

ಹನ್ನೊಂದೂವರೆಗೆ ಬಾಗಿಲು ಕಿರುಗುಟ್ಟಿತು.
ಜೊಸಾಯ ಬ್ಲೆಂಕಿನ್, ಬಡಗಿ.
ಮೂರು ಸಲ ಟೆಲ್ಫರ್ ಎದುರು ನಿಂತು ಮೂರೂ ಸಲ ಸೋತವನು,
ಕಡೆಯ ಸಲ ಬರೇ ಆರುನೂರ ಹನ್ನೆರಡರಿಂದ.
ಟೋಪಿ ತೆಗೆದು ಮೊಣಕಾಲಿಗೆ ಸಿಕ್ಕಿಸಿ
ಗೋಡೆಬದಿಯ ಬೆಂಚಿನಲ್ಲಿ ಕೂತ.
ಮೇಜರರ ಕತ್ತು ನೆಟ್ಟಗಾಯಿತು.
ಲಂಡನ್ನಿನಲ್ಲಿ ದೊಡ್ಡವರು ಕೈಕುಲುಕಿ ಒಪ್ಪಿದ್ದರಲ್ಲ,
ಯುದ್ಧ ಇರುವಷ್ಟು ದಿನ
ಒಬ್ಬರ ತಟ್ಟೆಗೆ ಇನ್ನೊಬ್ಬರು ಕೈಹಾಕಬಾರದೆಂದು?
“ಏನು ಬೇಕಿತ್ತು, ಮಿಸ್ಟರ್ ಬ್ಲೆಂಕಿನ್?”
“ಏನಿಲ್ಲ. ಇಲ್ಲಿ ಬೆಚ್ಚಗಿದೆ.”

ಕೋಟಿನ ಒಳಜೇಬಿನಿಂದ ಮಡಚಿದ ಕಾಗದ ಇಣುಕುತ್ತಿತ್ತು.
ಹತ್ತು ಸಹಿಯೋ, ಯಾರದೋ ಕಿಟಕಿಯ ಅಳತೆಯೋ,
ನನಗೆ ಇಂದಿಗೂ ಗೊತ್ತಿಲ್ಲ.
ಐದು ನಿಮಿಷ ಇದೆ ಎನ್ನುವಾಗ ಅವನ ಕೈ ಅಲ್ಲಿಗೆ ಹೋಯಿತು.
ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ಚರ್ಚಿನ ಗಂಟೆ ಹೊಡೆಯುವಂತಿಲ್ಲ,
ಹೊಡೆದರೆ ಶತ್ರು ಇಳಿದನೆಂದು ಅರ್ಥ.
ಆದ್ದರಿಂದ ಊರಿಗೆ ಹನ್ನೆರಡಾಗಲಿಲ್ಲ,
ಮೇಯರರ ಕೈಗಡಿಯಾರಕ್ಕಷ್ಟೇ ಆಯಿತು.
“ಅವಿರೋಧವಾಗಿ,” ಎಂದು ಓದಿದರು.
ವಿರೋಧ ಬೆಂಚಿನಿಂದ ಎದ್ದು, ಟೋಪಿ ಹಾಕಿಕೊಂಡು,
ಮೇಜರರ ಕೈ ಕುಲುಕಿ,
“ಮೀನುಪೇಟೆಯ ಚಾವಣಿ ಸೋರುತ್ತೆ, ಬರಕೊಳ್ಳಿ,” ಅಂದಿತು.

ಆ ರಾತ್ರಿ ಸೈರನ್ನು.
ಪುರಭವನದ ನೆಲಮಾಳಿಗೆಯಲ್ಲಿ ಕುರ್ಚಿ ಸಾಲದೆ
ಮತಪೆಟ್ಟಿಗೆಗಳನ್ನು ಎಳೆದು ಕೊಟ್ಟೆ,
ಇಪ್ಪತ್ತಮೂರು, ಕರಿ ತಗಡಿನವು.
ಹೆಣಿಗೆ ಹಿಡಿದ ಹೆಂಗಸರು, ನಿದ್ದೆಗಣ್ಣಿನ ಮಕ್ಕಳು,
ಒಂದು ನಾಯಿ.
ಮುದುಕಿ ಟ್ರೈಫೀನಾ ಹಾಲ್ಡನ್‌ಬಿ ಕೇಳಿದಳು: “ಗೆದ್ದದ್ದು ಯಾರೇ?”
ಹೇಳಿದೆ.
“ಎಷ್ಟು ಮತದಿಂದ?”
ಕತ್ತಲಲ್ಲಿ ಯಾರೋ ಕಿಸಕ್ಕೆಂದರು,
ನಗು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹತ್ತಿಕೊಳ್ಳುವಷ್ಟರಲ್ಲಿ
ಹಡಗುಕಟ್ಟೆಯ ಕಡೆ ಬಿತ್ತು.

ನೆಲ ಅದುರಿತು.
ಬ್ಲೆಂಕಿನ್ ಕೂತ ಪೆಟ್ಟಿಗೆಯೊಳಗೆ ಏನೋ ಉರುಳಿದ ಸದ್ದು,
ಮೂವತ್ತೈದರ ಪೆನ್ಸಿಲ್ ತುಂಡಿರಬೇಕು.
ಮೇಲಿನಿಂದ ಸುಣ್ಣ ಉದುರತೊಡಗಿದಾಗ
ಅವನು ಎದ್ದು ನಿಂತ.
ಟೋಪಿ ತೆಗೆದು ಪೆಟ್ಟಿಗೆಯ ಬಾಯಿಗೆ ಮುಚ್ಚಿದ,
ಒಳಗೆ ಏನೂ ಬೀಳದ ಹಾಗೆ.